ನಮ್ಮನ್ನೂ ನಾಲ್ಕು ಪ್ರಶ್ನೆ ಕೇಳಿ: ಥೆರಪಿಗೆ ಹೊರಟವರಿಗೆ ಒಂದು ಬಹಿರಂಗ ಪತ್ರ

ಥೆರಪಿಗೆ ಹೋಗಬೇಕು ಅಂದುಕೊಂಡು, ಯಾರ ಹತ್ತಿರ ಹೋಗುವುದೆಂದು ಗೊತ್ತಾಗದೆ ಕೂತಿರುವ ಎಲ್ಲರಿಗೂ,

ನಮಸ್ಕಾರ. ನಾನೊಬ್ಬಳು ಸೈಕೋಥೆರಪಿಸ್ಟ್. ಈ ಪತ್ರ ಬರೆಯುವುದಕ್ಕೆ ಒಂದೇ ಕಾರಣ. ನಮ್ಮ ಮುಂದೆ ಕೂತವರು ಗಂಡನಿಗೋ ಹೆಂಡತಿಗೋ ಹೆತ್ತವರಿಗೋ ಹೇಳದ್ದನ್ನು ನಮಗೆ ಹೇಳುತ್ತಾರೆ. ಆದರೆ ನಮ್ಮ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳುವುದಿಲ್ಲ. ನೀವು ಏನು ಓದಿದ್ದೀರಿ? ಈ ಕೆಲಸ ಯಾರ ಹತ್ತಿರ ಕಲಿತಿರಿ? ನನ್ನಂಥ ತೊಂದರೆ ಇರುವವರ ಜೊತೆ ಮೊದಲು ಕೆಲಸ ಮಾಡಿದ್ದೀರಾ? ಇಲ್ಲಿ ನನ್ನ ಜೊತೆ ಏನು ಮಾಡ್ತೀರಿ? ಇಷ್ಟು ಕೇಳಿದರೆ ಎದುರಿನವರಿಗೆ ಬೇಜಾರಾಗಬಹುದು ಎಂಬ ಸಂಕೋಚ. ದಯವಿಟ್ಟು ಕೇಳಿ. ಇಷ್ಟಕ್ಕೇ ಬೇಜಾರು ಮಾಡಿಕೊಳ್ಳುವ ಥೆರಪಿಸ್ಟ್ ನಿಮಗೆ ಬೇಡವೇ ಬೇಡ.

ಮೊದಲು ಹೆಸರುಗಳ ಗೊಂದಲ ಬಿಡಿಸೋಣ. ಸೈಕಿಯಾಟ್ರಿಸ್ಟ್ ಎಂದರೆ ವೈದ್ಯಕೀಯ ಓದಿ, ಆಮೇಲೆ ಮನೋರೋಗಗಳಲ್ಲಿ ಪರಿಣತಿ ಪಡೆದವರು. ಔಷಧಿ ಬರೆಯುವವರು ಹೆಚ್ಚಾಗಿ ಅವರೇ. ಕ್ಲಿನಿಕಲ್ ಸೈಕಾಲಜಿಸ್ಟ್ ಮನಶ್ಶಾಸ್ತ್ರ ಓದಿ, ತೊಂದರೆಯನ್ನು ಗುರುತಿಸುವುದು, ಪರೀಕ್ಷೆಗಳನ್ನು ಮಾಡುವುದು, ಥೆರಪಿ ಕೊಡುವುದು ಎಲ್ಲವನ್ನೂ ಕಲಿತಿರುತ್ತಾರೆ. ಸೈಕೋಥೆರಪಿಸ್ಟ್, ಕೌನ್ಸೆಲರ್ ಎಂಬ ಎರಡು ಹೆಸರುಗಳ ಹಿಂದೆ ಮಾತ್ರ ಏನು ಬೇಕಾದರೂ ಇರಬಹುದು. ಕೆಲವು ಕಡೆ ಕಾನೂನು ಬಿಗಿಯಾಗಿದೆ. ಜರ್ಮನಿಯಲ್ಲಿ 1999ರಿಂದ ಸೈಕೋಥೆರಪಿಸ್ಟ್ ಎಂದು ಹಾಕಿಕೊಳ್ಳಲು ಸರ್ಕಾರದ ಪರವಾನಗಿ ಬೇಕು. ಬ್ರಿಟನ್ನಿನಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್ ಎಂಬ ಹೆಸರಿಗೆ ಕಾನೂನಿನ ರಕ್ಷಣೆ ಇದೆ, ಸೈಕೋಥೆರಪಿಸ್ಟ್ ಎಂಬ ಹೆಸರಿಗೆ ಇಲ್ಲ. ಅಂದರೆ ವರ್ಷಗಟ್ಟಲೆ ತರಬೇತಿ ಪಡೆದವರೂ, ವಾರದ ಕೋರ್ಸ್ ಮುಗಿಸಿದವರೂ ಒಂದೇ ಬೋರ್ಡು ಹಾಕಿಕೊಂಡು ಕೂರಬಹುದು. ಬೋರ್ಡು ನೋಡಿದರೆ ನಿಮಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಕೇಳಿದರೆ ಗೊತ್ತಾಗುತ್ತದೆ.

ನನ್ನದನ್ನು ನಾನೇ ಮೊದಲು ಹೇಳಿಬಿಡುತ್ತೇನೆ. ನಾನು ಮನಶ್ಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಮಾಡಿದವಳು. ಆಮೇಲೆ ಆಸ್ಪತ್ರೆಯ ಮನೋರೋಗ ವಿಭಾಗದಲ್ಲಿ ಹಿರಿಯರ ಕೈಕೆಳಗೆ ಕೆಲಸ ಕಲಿತೆ. ಸಿಬಿಟಿ, ಅಂದರೆ ನಮ್ಮ ಯೋಚನೆ, ಭಾವನೆ, ನಡವಳಿಕೆ ಒಂದನ್ನೊಂದು ಹೇಗೆ ಎಳೆದಾಡುತ್ತವೆ ಎಂದು ನೋಡಿ ಅಲ್ಲಿ ಕೈಹಾಕುವ ವಿಧಾನ, ನನ್ನ ಮುಖ್ಯ ತರಬೇತಿ. ಆತಂಕ, ಪ್ಯಾನಿಕ್, ಗೀಳು, ಖಿನ್ನತೆ ನಾನು ಜಾಸ್ತಿ ನೋಡುವ ತೊಂದರೆಗಳು. ಚಿಕ್ಕ ಮಕ್ಕಳ ಜೊತೆ ಕೆಲಸ ಮಾಡುವುದಿಲ್ಲ, ಅದು ಬೇರೆಯದೇ ವಿದ್ಯೆ. ಕುಡಿತ ಬಿಡಿಸುವ ಕೆಲಸವನ್ನೂ ಅದರಲ್ಲಿ ಪಳಗಿದವರಿಗೆ ಬಿಡುತ್ತೇನೆ. ಔಷಧಿ ಬರೆಯುವುದಿಲ್ಲ. ನೋಡಿ, ಇಷ್ಟನ್ನು ಹೇಳಲು ಎರಡು ನಿಮಿಷವೂ ಬೇಕಾಗಲಿಲ್ಲ. ಯಾವ ಥೆರಪಿಸ್ಟ್ ಆದರೂ ಇಷ್ಟು ಹೇಳಬೇಕು. ಏನು ಮಾಡುತ್ತೇನೆ ಎನ್ನುವುದಕ್ಕಿಂತ ಏನು ಮಾಡುವುದಿಲ್ಲ ಎನ್ನುವುದನ್ನು ಗಮನ ಕೊಟ್ಟು ಕೇಳಿ. ನಮ್ಮ ಬಗ್ಗೆ ಅದೇ ಜಾಸ್ತಿ ಹೇಳುತ್ತದೆ.

ಕೆಲವರ ಪರಿಚಯ ಪತ್ರ ಹೋಟೆಲಿನ ಮೆನು ಕಾರ್ಡಿನ ಹಾಗಿರುತ್ತದೆ. ಹದಿನೈದು ವಿಧಾನಗಳ ಹೆಸರು, ಕೆಳಗೆ ಮೂವತ್ತು ಸಮಸ್ಯೆಗಳ ಪಟ್ಟಿ, ಕೊನೆಯಲ್ಲಿ ‘ನಿಮ್ಮ ಪಯಣದಲ್ಲಿ ಜೊತೆಯಾಗುತ್ತೇನೆ’ ಎಂಬ ಸಾಲು. ಹದಿನೈದು ವಿಧಾನಗಳಲ್ಲಿ ಒಬ್ಬರೇ ಪಳಗುವುದು ಕಷ್ಟ. ಎರಡು ದಿನದ ಕಾರ್ಯಾಗಾರಕ್ಕೆ ಹೋಗಿ ಬಂದದ್ದೂ, ವರ್ಷಗಟ್ಟಲೆ ಮೇಲ್ವಿಚಾರಣೆಯಲ್ಲಿ ಕಲಿತದ್ದೂ ಆ ಪಟ್ಟಿಯಲ್ಲಿ ಒಂದೇ ಸಾಲಾಗಿ ಕಾಣುತ್ತದೆ. ‘ಇದರಲ್ಲಿ ನೀವು ನಿಜವಾಗಿ ದಿನಾ ಬಳಸೋದು ಯಾವುದು?’ ಎಂದು ಕೇಳಿ. ಉತ್ತರ ಸರಾಗವಾಗಿ ಬರಬೇಕು.

ನಮ್ಮ ತರಬೇತಿಯ ಜೀವಾಳ ತರಗತಿಯಲ್ಲಿ ಇಲ್ಲ, ಸೂಪರ್‌ವಿಷನ್‌ನಲ್ಲಿದೆ. ಹೊರಗಿನವರಿಗೆ ಇದರ ಬಗ್ಗೆ ಹೆಚ್ಚು ಗೊತ್ತಿರುವುದಿಲ್ಲ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಕಲಿಯುವವರು ಕ್ಲೈಂಟಿನ, ಅಂದರೆ ಥೆರಪಿಗೆ ಬಂದವರ, ಒಪ್ಪಿಗೆ ಪಡೆದು ಸೆಷನ್ ರೆಕಾರ್ಡ್ ಮಾಡುತ್ತಾರೆ. ಆಮೇಲೆ ಹಿರಿಯ ಥೆರಪಿಸ್ಟ್ ಜೊತೆ ಕೂತು ಕೇಳುತ್ತಾರೆ. ಹಿರಿಯರು ನಡುವೆ ನಿಲ್ಲಿಸುತ್ತಾರೆ. ‘ಇಲ್ಲಿ ಅವರು ಸುಮ್ಮನಾದರು. ನೀವು ಮೂರು ಸೆಕೆಂಡಿಗೇ ಬಾಯಿ ಹಾಕಿದ್ದೀರಿ. ಯಾರ ನೆಮ್ಮದಿಗೆ?’ ಮತ್ತೆ ಓಡಿಸುತ್ತಾರೆ. ‘ಅಪ್ಪನ ವಿಷಯ ಬಂದ ತಕ್ಷಣ ನೀವು ನಿದ್ದೆ ಬಗ್ಗೆ ಕೇಳಿದಿರಿ. ಅಪ್ಪ ಅಂದರೆ ಭಯ ಅವರಿಗೋ ನಿಮಗೋ?’ ಹೀಗೆ ಒಂದು ಗಂಟೆ. ಬೆವರಿಳಿಯುತ್ತದೆ. ಆದರೆ ಈ ಕೆಲಸ ಕಲಿಯಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಗೊತ್ತಿಲ್ಲ.

ಈ ರೆಕಾರ್ಡಿಂಗ್ ಪದ್ಧತಿಗೆ ನಾವು ಅಮೆರಿಕದ ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ ಅವರಿಗೆ ಋಣಿಗಳು. ಅವರಿಗಿಂತ ಮುಂಚೆ ಥೆರಪಿ ಕೋಣೆಯೊಳಗೆ ಏನಾಯಿತು ಎಂಬುದಕ್ಕೆ ಹೆಚ್ಚಾಗಿ ಥೆರಪಿಸ್ಟ್ ಆಮೇಲೆ ನೆನಪಿನಿಂದ ಬರೆದದ್ದೇ ಸಾಕ್ಷಿಯಾಗಿತ್ತು. ರೋಜರ್ಸ್ ಯಂತ್ರ ಇಟ್ಟು ರೆಕಾರ್ಡ್ ಮಾಡಿಸಿದರು. 1942ರಲ್ಲಿ ಒಬ್ಬ ಕ್ಲೈಂಟಿನ ಜೊತೆ ನಡೆದ ಎಲ್ಲ ಸೆಷನ್‌ಗಳ ಮಾತನ್ನು, ಗುರುತು ಮರೆಮಾಚಿ, ಅಕ್ಷರಶಃ ಅಚ್ಚು ಹಾಕಿಸಿದರು. ನಮ್ಮ ಕೆಲಸವನ್ನು ಬೇರೆಯವರು ಕಣ್ಣಲ್ಲಿ ಕಣ್ಣಿಟ್ಟು ನೋಡುವ ಹಾಗಾದದ್ದು ಆಗಿನಿಂದ.

ಹಾಗಾಗಿ ಕೇಳಿ: ‘ನೀವು ಈಗಲೂ ಸೂಪರ್‌ವಿಷನ್ ತಗೊಳ್ತೀರಾ?’ ಎಷ್ಟೇ ಅನುಭವ ಇದ್ದರೂ ಹೌದು ಎನ್ನಬೇಕು. ನಾನು ತೆಗೆದುಕೊಳ್ಳುತ್ತೇನೆ. ಅಲ್ಲಿ ನಿಮ್ಮ ಹೆಸರು ಹೇಳುವುದಿಲ್ಲ, ನಿಮ್ಮನ್ನು ಗುರುತಿಸುವಂಥ ವಿವರ ಕೊಡುವುದಿಲ್ಲ. ಹೇಳುವುದು ಜಾಸ್ತಿ ನನ್ನ ಬಗ್ಗೆಯೇ.

ಈಗ ಒಂದು ಇಕ್ಕಟ್ಟಿನ ವಿಷಯ. ‘ಇಷ್ಟೆಲ್ಲ ಓದು ಯಾಕೆ ಬೇಕು? ಒಳ್ಳೆ ಮನಸ್ಸಿರೋ ಯಾರಾದರೂ ಕೂತು ಕೇಳಿಸಿಕೊಂಡರೆ ಸಾಲದಾ?’ ಇದು ಕುಹಕದ ಪ್ರಶ್ನೆಯಲ್ಲ. 1979ರಲ್ಲಿ ಹ್ಯಾನ್ಸ್ ಸ್ಟ್ರಪ್ ಮತ್ತು ಸುಝಾನ್ ಹ್ಯಾಡ್ಲಿ ಎಂಬ ಸಂಶೋಧಕರು ಅಮೆರಿಕದ ವಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದಲ್ಲಿ ನಡೆಸಿದ ಅಧ್ಯಯನವನ್ನು ಪ್ರಕಟಿಸಿದರು. ಆತಂಕ, ಖಿನ್ನತೆಯಿಂದ ಬಳಲುತ್ತಿದ್ದ ಕಾಲೇಜು ವಿದ್ಯಾರ್ಥಿಗಳಲ್ಲಿ ಕೆಲವರನ್ನು ಅನುಭವಿ ಥೆರಪಿಸ್ಟರ ಹತ್ತಿರ ಕಳಿಸಿದ್ದರು. ಇನ್ನು ಕೆಲವರನ್ನು, ವಿದ್ಯಾರ್ಥಿಗಳ ಜೊತೆ ಆತ್ಮೀಯವಾಗಿ ಮಾತಾಡುತ್ತಾರೆ ಎಂದು ಹೆಸರಾಗಿದ್ದ ಪ್ರೊಫೆಸರುಗಳ ಹತ್ತಿರ ಕಳಿಸಿದ್ದರು. ಇವರಿಗೆ ಥೆರಪಿಯ ಗಂಧವೂ ಇರಲಿಲ್ಲ. ಸರಾಸರಿ ನೋಡಿದರೆ ಎರಡೂ ಗುಂಪು ಹೆಚ್ಚುಕಮ್ಮಿ ಒಂದೇ ಸಮ ಸುಧಾರಿಸಿತ್ತು. ನಮ್ಮ ವೃತ್ತಿಯವರಿಗೆ ಇದು ನುಂಗಲಾರದ ತುತ್ತು.

ನಾನು ಇದನ್ನು ಮುಚ್ಚಿಡುವುದಿಲ್ಲ. ಕಷ್ಟದಲ್ಲಿರುವ ಎಷ್ಟೋ ಜನರಿಗೆ ಬೇಕಾಗಿರುವುದು ತಾಳ್ಮೆಯಿಂದ ಕೇಳುವ ಒಂದು ಜೋಡಿ ಕಿವಿ. ಅದು ಗೆಳತಿಯ ಹತ್ತಿರ, ಅಕ್ಕನ ಹತ್ತಿರ, ಮೇಷ್ಟ್ರ ಹತ್ತಿರ ಸಿಕ್ಕರೆ ನಮ್ಮ ಹತ್ತಿರ ಬರಲೇಬೇಕು ಅಂತೇನಿಲ್ಲ. ಆದರೆ ಒಳ್ಳೆಯ ಮನಸ್ಸೇ ತೊಂದರೆಯನ್ನು ಬೆಳೆಸುವ ಜಾಗಗಳೂ ಇವೆ. ಗೀಳು ಅಂಥದ್ದು.

ಬಾಗಿಲಿಗೆ ಬೀಗ ಹಾಕಿದೆನಾ ಇಲ್ವಾ ಎಂದು ಹತ್ತು ಸಲ ವಾಪಸ್ ಬಂದು ನೋಡುವವರು ಇದ್ದಾರೆ ಎಂದಿಟ್ಟುಕೊಳ್ಳಿ. ‘ಹಾಕಿದ್ದೀಯ, ನಾನೇ ನೋಡಿದೆ’ ಎಂದು ಮನೆಯವರು ಸಮಾಧಾನ ಹೇಳುತ್ತಾರೆ. ಐದು ನಿಮಿಷ ನೆಮ್ಮದಿ. ಮತ್ತೆ ಅನುಮಾನ, ಮತ್ತೆ ಪ್ರಶ್ನೆ. ಸಮಾಧಾನ ಸಿಕ್ಕಷ್ಟೂ ಅನುಮಾನದ ಹಸಿವು ಜಾಸ್ತಿಯಾಗುತ್ತದೆ. ಇವರು ಮೃದು ಮನಸ್ಸಿನ, ಆದರೆ ಗೀಳಿನ ಬಗ್ಗೆ ಕಲಿಯದ ಥೆರಪಿಸ್ಟ್ ಹತ್ತಿರ ಹೋದರೆ ಏನಾಗುತ್ತದೆ ಹೇಳಿ. ವಾರಕ್ಕೊಮ್ಮೆ ಅಲ್ಲೂ ಸಮಾಧಾನ ಸಿಗುತ್ತದೆ, ಅಷ್ಟೇ. 1966ರಲ್ಲಿ ವಿಕ್ಟರ್ ಮೇಯರ್ ಎಂಬ ಬ್ರಿಟಿಷ್ ಮನಶ್ಶಾಸ್ತ್ರಜ್ಞ ಬೇರೆ ದಾರಿ ತೋರಿಸಿದರು. ಭಯ ಹುಟ್ಟಿಸುವುದರ ಎದುರು ನಿಲ್ಲುವುದು, ಆದರೆ ಪದೇ ಪದೇ ತೊಳೆಯುವ, ಪರೀಕ್ಷಿಸುವ ಕೆಲಸ ಮಾಡದೆ ತಡೆದುಕೊಳ್ಳುವುದು. ಈಗ ಗೀಳಿಗೆ ಕೊಡುವ ಮುಖ್ಯ ಥೆರಪಿ ಇದರಿಂದಲೇ ಬೆಳೆದದ್ದು. ಒಂದೇ ಸಲ ಬೀಗ ಹಾಕಿ, ತಿರುಗಿ ನೋಡದೆ ನಡೆದು, ಒಳಗೆ ಏಳುವ ತಳಮಳವನ್ನು ಹಾಗೇ ಇರಲು ಬಿಡಬೇಕು. ಎದುರಿಗಿರುವವರ ಸಂಕಟ ನೋಡಿಯೂ ಸಮಾಧಾನದ ಮಾತಾಡದೆ, ಹಾಗಂತ ಕಲ್ಲಾಗದೆ ಕೂರಬೇಕು ನಾವು. ತರಬೇತಿ ಇಲ್ಲದೆ ಅದು ಬರುವುದಿಲ್ಲ.

ನನ್ನ ಕೋಣೆಯಲ್ಲಿ ಕೆಲಸ ಹೇಗೆ ನಡೆಯುತ್ತದೆ ಎಂದು ಸ್ವಲ್ಪ ಹತ್ತಿರದಿಂದ ತೋರಿಸುತ್ತೇನೆ. ಇದು ಯಾರೋ ಒಬ್ಬರ ಕತೆಯಲ್ಲ, ಹಲವರದ್ದನ್ನು ಸೇರಿಸಿ ಹೇಳುತ್ತಿದ್ದೇನೆ. ಪ್ಯಾನಿಕ್ ಆಗುವವರು ಬರುತ್ತಾರೆ. ಎದೆ ಡವಡವ, ಬೆರಳು ಜುಮುಜುಮು, ತಲೆ ಹಗುರ, ಇನ್ನೇನು ಸತ್ತೇ ಹೋಗ್ತೀನಿ ಎಂಬ ಭಯ. ಡಾಕ್ಟರು ಇಸಿಜಿ ಮಾಡಿಸಿ, ಹೃದಯಕ್ಕೆ ಏನೂ ಆಗಿಲ್ಲ ಎಂದಿದ್ದಾರೆ. ಆದರೂ ಭಯ ಹೋಗಿಲ್ಲ. ಎಲ್ಲಿಗೆ ಹೋದರೂ ನೀರಿನ ಬಾಟಲಿ ಕೈಯಲ್ಲಿ, ಮೆಟ್ಟಿಲು ಹತ್ತುವುದಿಲ್ಲ, ಒಂಟಿಯಾಗಿ ಹೊರಗೆ ಹೋಗುವುದಿಲ್ಲ.

ಅವರ ಕತೆಯನ್ನೆಲ್ಲ ಕೇಳಿ, ಡಾಕ್ಟರು ನೋಡಿದ್ದಾರೆ ಎಂದು ಖಾತ್ರಿ ಮಾಡಿಕೊಂಡ ಮೇಲೆ ಒಂದು ಪ್ರಯೋಗ ಮಾಡೋಣ್ವಾ ಎಂದು ಕೇಳುತ್ತೇನೆ. ಇಬ್ಬರೂ ಒಂದು ನಿಮಿಷ ಬೇಕಂತಲೇ ಜೋರು ಜೋರಾಗಿ ಉಸಿರಾಡುವುದು. ನಾನೂ ಮಾಡುತ್ತೇನೆ, ಅವರೊಬ್ಬರೇ ಮಾಡಲಿ ಎಂದು ನೋಡುತ್ತಾ ಕೂರುವುದಿಲ್ಲ. ಅರ್ಧ ನಿಮಿಷಕ್ಕೆಲ್ಲ ಅವರ ಮುಖ ಬದಲಾಗುತ್ತದೆ. ‘ಅದೇ! ಅದೇ ಬರ್ತಾ ಇದೆ!’ ನಿಲ್ಲಿಸುತ್ತೇವೆ. ಸ್ವಲ್ಪ ಹೊತ್ತಿಗೆ ಇಳಿಯುತ್ತದೆ. ಆಗ ಕಾಗದ ತೆಗೆದುಕೊಂಡು ಇಬ್ಬರೂ ಚಿತ್ರ ಬರೆಯುತ್ತೇವೆ. ಉಸಿರು ಜೋರಾದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗುತ್ತದೆ. ಅದರಿಂದ ತಲೆ ಹಗುರಾಗುತ್ತದೆ, ಬೆರಳು ಜುಮ್ಮೆನ್ನುತ್ತದೆ. ಅದನ್ನು ನೋಡಿ ಮನಸ್ಸು ‘ಹಾರ್ಟ್ ಅಟ್ಯಾಕ್!’ ಎನ್ನುತ್ತದೆ. ಭಯಕ್ಕೆ ಉಸಿರು ಇನ್ನೂ ಜೋರಾಗುತ್ತದೆ. ಸುತ್ತಿ ಸುತ್ತಿ ಅದೇ ವರ್ತುಲ. ದೇಹದ ಸಾಮಾನ್ಯ ಸಂಗತಿಯನ್ನು ಅಪಾಯ ಎಂದು ಓದಿಕೊಳ್ಳುವುದೇ ಪ್ಯಾನಿಕ್‌ನ ಬೇರು ಎಂದು ಮನಶ್ಶಾಸ್ತ್ರಜ್ಞ ಡೇವಿಡ್ ಕ್ಲಾರ್ಕ್ 1986ರಲ್ಲಿ ವಿವರಿಸಿದ್ದು ಇದನ್ನೇ. ಆದರೆ ಇದನ್ನು ನಾನು ಬಾಯಲ್ಲಿ ಹೇಳಿದ್ದರೆ ಅವರು ತಲೆಯಾಡಿಸಿ ಹೋಗುತ್ತಿದ್ದರು. ತಮ್ಮ ಬೆರಳಲ್ಲೇ ನೋಡಿದ್ದಕ್ಕೆ ಬೇರೆ ತೂಕ.

ಮುಂದಿನ ವಾರಕ್ಕೆ ಮನೆಗೆಲಸ ಇರುತ್ತದೆ. ಎರಡು ಮಹಡಿ ಮೆಟ್ಟಿಲು ಹತ್ತಿ, ಎದೆ ಬಡಿದುಕೊಳ್ಳಲಿ, ನೋಡಿ. ಆಮೇಲೆ ಬಾಟಲಿ ಇಲ್ಲದೆ ಬೀದಿ ಕೊನೆವರೆಗೆ. ಯಾವುದು ಮೊದಲು ಎಂಬುದು ಅವರ ಆಯ್ಕೆ. ಮಾಡದೆ ಬಂದರೆ ಬೈಯುವುದಿಲ್ಲ. ಏನು ಅಡ್ಡ ಬಂತು ಎಂದು ಅದನ್ನೇ ಮಾತಾಡುತ್ತೇವೆ.

ಎಲ್ಲರ ಜೊತೆಯೂ ಹೀಗೆ ಪ್ರಯೋಗ ಮಾಡುತ್ತೇನೆ ಅಂತಲ್ಲ. ಮಗುವನ್ನು ಕಳೆದುಕೊಂಡು ಬಂದವರ ಮುಂದೆ ಕಾಗದ, ಪೆನ್ನು ಹಿಡಿದರೆ ಅದು ಕ್ರೌರ್ಯ. ದುಃಖ ರೋಗವಲ್ಲ. ಅಲ್ಲಿ ನನ್ನ ಕೆಲಸ ಅವಸರ ಮಾಡದೆ ಇರುವುದು.

ವಿಧಾನ ಯಾವುದೇ ಇರಲಿ, ಮೂರು ವಿಷಯದಲ್ಲಿ ಇಬ್ಬರೂ ಒಂದಾಗಿರಬೇಕು ಎಂದು ಮನಶ್ಶಾಸ್ತ್ರಜ್ಞ ಎಡ್ವರ್ಡ್ ಬೋರ್ಡಿನ್ 1979ರಲ್ಲಿ ಬರೆದರು. ಎಲ್ಲಿಗೆ ಹೋಗಬೇಕು, ಅದಕ್ಕೆ ಏನು ಮಾಡಬೇಕು, ಮತ್ತು ಇಬ್ಬರ ನಡುವಿನ ನಂಬಿಕೆ. ನಂಬಿಕೆಯ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಮೊದಲೆರಡನ್ನು ಮರೆಯುತ್ತಾರೆ. ನಿಮಗೆ ರಾತ್ರಿ ನಿದ್ದೆ ಬಂದರೆ ಸಾಕಾಗಿದೆ, ಥೆರಪಿಸ್ಟ್ ನಿಮ್ಮ ಬಾಲ್ಯವನ್ನು ಅಗೆಯುತ್ತಿದ್ದಾರೆ. ಅಥವಾ ನಿಮಗೆ ಬಾಲ್ಯದ ಬಗ್ಗೆಯೇ ಹೇಳಬೇಕಾಗಿದೆ, ಅವರು ನಿದ್ದೆಯ ಚಾರ್ಟ್ ತುಂಬಿಸುತ್ತಿದ್ದಾರೆ. ಇಬ್ಬರೂ ಒಳ್ಳೆಯವರೇ, ಆದರೆ ಗಾಡಿ ಮುಂದೆ ಹೋಗುವುದಿಲ್ಲ. ‘ನಾವು ಇದನ್ನು ಯಾಕೆ ಮಾಡ್ತಿದೀವಿ?’ ಎಂದು ಯಾವ ಸೆಷನ್‌ನಲ್ಲಿ ಬೇಕಾದರೂ ಕೇಳುವ ಹಕ್ಕು ನಿಮಗಿದೆ.

ಗುಟ್ಟಿನ ವಿಷಯ. ನೀವು ಹೇಳಿದ್ದು ನಮ್ಮಲ್ಲೇ ಉಳಿಯುತ್ತದೆ. ಫೋನ್ ಮಾಡಿ ವಿಚಾರಿಸುವ ನಿಮ್ಮ ಮನೆಯವರಿಗೂ, ಫೀಸು ಕಟ್ಟುವವರು ಅವರೇ ಆಗಿದ್ದರೂ, ನಿಮ್ಮ ಒಪ್ಪಿಗೆ ಇಲ್ಲದೆ ಹೇಳುವುದಿಲ್ಲ. ಆದರೆ ಇದಕ್ಕೆ ಅಂಚುಗಳಿವೆ. ಅವನ್ನು ಮೊದಲ ದಿನವೇ ಹೇಳಬೇಕು. ನಿಮ್ಮ ಜೀವಕ್ಕೆ ಅಥವಾ ಇನ್ನೊಬ್ಬರ ಜೀವಕ್ಕೆ ಅಪಾಯ ಕಂಡಾಗ, ಮಗುವಿನ ಮೇಲೆ ದೌರ್ಜನ್ಯ ನಡೆಯುತ್ತಿದೆ ಎಂದು ಗೊತ್ತಾದಾಗ, ನ್ಯಾಯಾಲಯ ಆದೇಶ ಕೊಟ್ಟಾಗ ನಾವು ಬಾಯಿ ಬಿಡಬೇಕಾಗಬಹುದು. ಒಬ್ಬ ಕ್ಲೈಂಟ್ ಯಾರನ್ನೋ ಕೊಲ್ಲುತ್ತೇನೆ ಎಂದರೆ, ಆ ಇನ್ನೊಬ್ಬರನ್ನು ಕಾಪಾಡುವ ಹೊಣೆ ಥೆರಪಿಸ್ಟ್ ಮೇಲೂ ಇದೆ ಎಂದು ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟ್ 1976ರಲ್ಲಿ ತೀರ್ಪು ಕೊಟ್ಟಿತು. ಕಾನೂನು ಒಂದೊಂದು ದೇಶದಲ್ಲಿ ಒಂದೊಂದು ಥರ ಇದೆ. ನಿಮ್ಮ ಥೆರಪಿಸ್ಟ್ ಯಾವುದನ್ನು ಪಾಲಿಸುತ್ತಾರೆ ಎಂದು ಕೇಳಿ. ‘ಎಲ್ಲವೂ ನೂರಕ್ಕೆ ನೂರು ಗುಟ್ಟು’ ಎನ್ನುವವರು ಒಂದೋ ಕಲಿತಿಲ್ಲ, ಇಲ್ಲ ನಿಮ್ಮನ್ನು ಖುಷಿಪಡಿಸಲು ಹೇಳುತ್ತಿದ್ದಾರೆ.

ಇನ್ನು ಗಡಿಗಳು. ನಾನು ಗೆಳೆಯರಿಗೆ, ನೆಂಟರಿಗೆ ಥೆರಪಿ ಕೊಡುವುದಿಲ್ಲ. ಕ್ಲೈಂಟ್ ಜೊತೆ ವ್ಯಾಪಾರ ಮಾಡುವುದಿಲ್ಲ. ದಾರಿಯಲ್ಲಿ ಸಿಕ್ಕರೆ ನೀವಾಗಿ ಮಾತಾಡಿಸುವವರೆಗೆ ನಾನು ಮಾತಾಡಿಸುವುದಿಲ್ಲ, ನಿಮ್ಮ ಜೊತೆ ಯಾರಿದ್ದಾರೋ ಏನೋ. ಮೈ ಮುಟ್ಟುವ, ಪ್ರೇಮದ, ಕಾಮದ ಯಾವ ಸಂಬಂಧಕ್ಕೂ ಇಲ್ಲಿ ಜಾಗವಿಲ್ಲ. ‘ಇದು ಚಿಕಿತ್ಸೆಯ ಭಾಗ’ ಎಂದು ಯಾರಾದರೂ ಹೇಳಿದರೆ ಎದ್ದು ಬನ್ನಿ, ದೂರು ಕೊಡಿ. ತಪ್ಪು ನಿಮ್ಮದಲ್ಲ.

ಥೆರಪಿಯಿಂದ ನಿಜವಾಗಲೂ ಉಪಯೋಗ ಇದೆಯಾ ಎಂಬ ಪ್ರಶ್ನೆಯನ್ನೂ ಕೇಳಿ. ನಮ್ಮ ಒಳಗೇ ಇದು ದೊಡ್ಡ ಜಗಳವಾಗಿತ್ತು. 1952ರಲ್ಲಿ ಮನಶ್ಶಾಸ್ತ್ರಜ್ಞ ಹ್ಯಾನ್ಸ್ ಐಸೆಂಕ್, ಥೆರಪಿ ಇಲ್ಲದಿದ್ದರೂ ಮೂರರಲ್ಲಿ ಎರಡು ಪಾಲು ಜನ ಎರಡು ವರ್ಷದಲ್ಲಿ ತಾವಾಗಿ ಚೇತರಿಸಿಕೊಳ್ಳುತ್ತಾರೆ ಎಂದು ಬರೆದು ಎಲ್ಲರನ್ನೂ ಕೆರಳಿಸಿದರು. 1977ರಲ್ಲಿ ಮೇರಿ ಸ್ಮಿತ್ ಮತ್ತು ಜೀನ್ ಗ್ಲಾಸ್ ಸುಮಾರು 375 ಅಧ್ಯಯನಗಳನ್ನು ಒಟ್ಟು ಹಾಕಿ ಲೆಕ್ಕ ಮಾಡಿದರು. ಥೆರಪಿ ಪಡೆದ ಸಾಮಾನ್ಯ ವ್ಯಕ್ತಿ, ಪಡೆಯದವರಲ್ಲಿ ನೂರಕ್ಕೆ 75 ಮಂದಿಗಿಂತ ಚೆನ್ನಾಗಿದ್ದರು. ಎಷ್ಟು ದಿನ ಬೇಕು ಎಂಬುದಕ್ಕೂ ಒಂದು ಅಂದಾಜಿದೆ. 1986ರಲ್ಲಿ ಕೆನೆತ್ ಹೊವಾರ್ಡ್ ಮತ್ತು ಜೊತೆಯವರು ನೋಡಿದಾಗ 8 ಸೆಷನ್ ಹೊತ್ತಿಗೆ ಸುಮಾರು ಅರ್ಧದಷ್ಟು ಜನರಲ್ಲಿ, 26ರ ಹೊತ್ತಿಗೆ ಸುಮಾರು ಮುಕ್ಕಾಲು ಪಾಲು ಜನರಲ್ಲಿ ಅಳೆಯುವಷ್ಟು ಸುಧಾರಣೆ ಕಂಡಿತ್ತು. ಹಾಗಾಗಿ ಎರಡೇ ಸಲಕ್ಕೆ ಗುಣ ಮಾಡುತ್ತೇನೆ ಎನ್ನುವವರನ್ನೂ, ವರ್ಷ ಕಳೆದರೂ ಎಲ್ಲಿದ್ದೇವೆ ಎಂದು ಹೇಳದವರನ್ನೂ ನಂಬಬೇಡಿ.

ಕೆಲವರಿಗೆ ಥೆರಪಿಯಲ್ಲಿ ಇದ್ದಾಗಲೇ ತೊಂದರೆ ಜಾಸ್ತಿಯಾಗುತ್ತದೆ ಎಂಬುದನ್ನು ನಾವು ಅಷ್ಟಾಗಿ ಹೇಳುವುದಿಲ್ಲ. ವಯಸ್ಕರಲ್ಲಿ ಸುಮಾರು ನೂರಕ್ಕೆ 5ರಿಂದ 10 ಮಂದಿ ಬಂದಾಗ ಇದ್ದದ್ದಕ್ಕಿಂತ ಕೆಟ್ಟ ಸ್ಥಿತಿಯಲ್ಲಿ ಹೊರಹೋಗುತ್ತಾರೆ ಎಂದು ಈ ವಿಷಯವನ್ನೇ ಹಲವು ವರ್ಷ ಅಧ್ಯಯನ ಮಾಡಿದ ಮೈಕೇಲ್ ಲ್ಯಾಂಬರ್ಟ್ ಹೇಳುತ್ತಾರೆ. ಅದನ್ನು ನಾವು ಮುಖ ನೋಡಿ ಕಂಡುಹಿಡಿಯುವುದರಲ್ಲಿ ಅಷ್ಟೇನೂ ಜಾಣರಲ್ಲ ಎಂದೂ ತೋರಿಸಿದ್ದಾರೆ. ಅದಕ್ಕೇ ನಾನು ಸೆಷನ್ ಶುರುವಿನಲ್ಲಿ ಒಂದು ಚಿಕ್ಕ ಪ್ರಶ್ನಾವಳಿ ಕೊಡುತ್ತೇನೆ. ಖಿನ್ನತೆಗೆ ಪಿಎಚ್‌ಕ್ಯೂ-9 ಎಂಬುದಿದೆ. ಒಂಬತ್ತು ಪ್ರಶ್ನೆ, 27ರವರೆಗೆ ಅಂಕ. ತುಂಬಲು ಹೆಚ್ಚು ಹೊತ್ತು ಬೇಕಿಲ್ಲ. ‘ಪ್ರತಿ ಸಲ ಇದೇನು ಪರೀಕ್ಷೆ’ ಎಂದು ಕೆಲವರು ಗೊಣಗುತ್ತಾರೆ. ಗೊಣಗಲಿ. ಅಂಕ ಏರುತ್ತಲೇ ಹೋದರೆ ನಾನು ಮಾಡುತ್ತಿರುವುದು ನಿಮಗೆ ಹೊಂದುತ್ತಿಲ್ಲ ಎಂದು ಕಾಗದವೇ ನನಗೆ ಹೇಳುತ್ತದೆ. ಆಗ ದಾರಿ ಬದಲಿಸಬೇಕು, ಇಲ್ಲ ನಿಮ್ಮನ್ನು ಬೇರೆಯವರ ಹತ್ತಿರ ಕಳಿಸಬೇಕು.

ನೀವೇ ಬಿಟ್ಟು ಹೋಗಬೇಕು ಅನ್ನಿಸಿದರೆ? ಹೋಗಬಹುದು. ಸಾಧ್ಯವಾದರೆ ಒಂದು ಸಲ ಬಂದು ಹೇಳಿ ಹೋಗಿ. ನನಗೆ ಮರ್ಯಾದೆ ಕೊಡುವುದಕ್ಕಲ್ಲ. ‘ಹೋದ ವಾರ ನೀವಂದ ಮಾತು ನಂಗೆ ಚುಚ್ಚಿತು’ ಎಂದು ಎದುರಿಗೇ ಹೇಳಿ, ಅದರ ಬಗ್ಗೆ ಇಬ್ಬರೂ ಮಾತಾಡಿದರೆ ಕೆಲವೊಮ್ಮೆ ಅಲ್ಲಿಂದಲೇ ನಿಜವಾದ ಕೆಲಸ ಶುರುವಾಗುತ್ತದೆ. ಹೇಳುವಷ್ಟು ಧೈರ್ಯ ಇಲ್ಲದಿದ್ದರೆ ಮೆಸೇಜ್ ಹಾಕಿ. ಮುಂದಿನ ಥೆರಪಿಸ್ಟ್‌ಗೆ ಕೊಡಲು, ಇಲ್ಲಿಯವರೆಗೆ ಏನೇನು ಮಾಡಿದೆವು ಎಂಬ ಒಂದು ಪುಟದ ವಿವರವನ್ನು ಕೇಳಿ ತೆಗೆದುಕೊಳ್ಳಿ.

ಕೊನೆಗೆ ಎರಡು ಮಾತು. ನೀವು ಈಗಾಗಲೇ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ನಮ್ಮಂಥವರ ಮಾತು ಕೇಳಿ ನಿಲ್ಲಿಸಬೇಡಿ. ಅದನ್ನು ಬರೆದುಕೊಟ್ಟ ಡಾಕ್ಟರ ಹತ್ತಿರವೇ ಮಾತಾಡಿ. ಥೆರಪಿ, ಔಷಧಿ ಎರಡೂ ಜೊತೆಜೊತೆಗೆ ನಡೆಯಬಹುದು. ಇನ್ನೊಂದು, ಸಾಯಬೇಕು ಎಂಬ ಯೋಚನೆ ಈಗಲೇ ಬಲವಾಗಿ ಕಾಡುತ್ತಿದ್ದರೆ ಈ ಪತ್ರದ ಪ್ರಶ್ನೆಗಳನ್ನೆಲ್ಲ ಪಕ್ಕಕ್ಕಿಡಿ. ಥೆರಪಿಸ್ಟ್ ಹುಡುಕುತ್ತಾ, ಅಪಾಯಿಂಟ್‌ಮೆಂಟಿಗೆ ಕಾಯುತ್ತಾ ಕೂರಬೇಡಿ. ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ, ಇಲ್ಲವೇ ಪಕ್ಕದಲ್ಲಿರುವ ಒಬ್ಬರಿಗೆ ಹೇಳಿ, ನಿಮ್ಮನ್ನು ಕರೆದುಕೊಂಡು ಹೋಗಲು ಅವರಿಗೇ ಹೇಳಿ. ನಮ್ಮನ್ನು ಆಮೇಲೆ ವಿಚಾರಿಸಿಕೊಳ್ಳಬಹುದು.

ಇಂತಿ,
ಒಬ್ಬ ಸೈಕೋಥೆರಪಿಸ್ಟ್